ಇನ್ನೂ ಕಟ್ಟದ ಆಸ್ಪತ್ರೆಯ ನೆರಳು

ನಾನು ಏಳು ವರ್ಷ ದುಡಿದ ಊರಿನಲ್ಲಿ ಕಟ್ಟಡಕ್ಕಿಂತ ಮೊದಲು ಅದರ ನೆರಳು ಬರುತ್ತಿತ್ತು. ಅರಮನೆಯ ಕಚೇರಿಯಲ್ಲಿ ನಕ್ಷೆಗೆ ಮುದ್ರೆ ಒತ್ತಿದರೆ ಸಾಕು, ಮರುದಿನ ಬೆಳಿಗ್ಗೆ ಬೋಳು ಮರಳಿನ ಮೇಲೆ ನೆರಳು ಬಿದ್ದಿರುತ್ತಿತ್ತು. ಕಂಬವಿಲ್ಲ, ಗೋಡೆಯಿಲ್ಲ, ತಲೆಯೆತ್ತಿ ನೋಡಿದರೆ ಬರೀ ಬಿಳಿಚಿಕೊಂಡ ಆಕಾಶ. ಕೆಳಗೆ ಮಾತ್ರ ಹನ್ನೆರಡು ಮಹಡಿಯ ಬ್ಯಾಂಕೋ, ಬಂದರಿನ ಗೋದಾಮೋ, ಯಾವುದೋ ರಾಜಕುಮಾರನ ಕುದುರೆ ಲಾಯವೋ ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ಉದ್ದಕ್ಕೆ ಮಲಗಿರುತ್ತಿತ್ತು. ಸೂರ್ಯ ನೆತ್ತಿಯ ಮೇಲೆ ಬಂದಾಗ ನೆರಳು ತನ್ನ ಜಾಗಕ್ಕೇ ಮುದುಡಿಕೊಂಡು, ಮುಂದೆ ಎಲ್ಲೆಲ್ಲಿ ಚಾವಣಿ ಬರಲಿದೆಯೋ ಅಲ್ಲಲ್ಲಿ ಅಷ್ಟೇ ಉಳಿಯುತ್ತಿತ್ತು.

ಊರಿನವರಿಗೆ ಇದೇನು ದೊಡ್ಡ ಸಂಗತಿಯಾಗಿರಲಿಲ್ಲ. ಮೀನು ಒಣಗಿಸುವ ಬಯಲಿನ ಮೇಲೆ ಒಂದು ಮಾಲ್‌ನ ನೆರಳು ಬಿದ್ದಾಗ ಹೆಂಗಸರು ಮೀನು ಒಣಗುತ್ತಿಲ್ಲ, ಕೊಳೆಯುತ್ತಿದೆ ಎಂದು ಪುರಸಭೆಗೆ ಹೋಗಿ ಜಗಳ ತೆಗೆದರು. ಅಧಿಕಾರಿ ನಂಬದಿದ್ದಾಗ ಎರಡು ಬುಟ್ಟಿ ಅವನ ಮೇಜಿನ ಮೇಲೇ ಸುರಿದು ಬಂದರು. ಮೇಲ್ಸೇತುವೆಯ ನೆರಳು ಊರಿನ ಈ ತುದಿಯಿಂದ ಆ ತುದಿಗೆ ಹಾಸಿತ್ತು. ಜನ ಅದರಲ್ಲೇ ಪೇಟೆಗೆ ನಡೆಯುತ್ತಿದ್ದರು, ಎರಡೂ ಬದಿ ಖರ್ಜೂರದ ಗಾಡಿ, ಮೊಬೈಲ್ ಕವರಿನ ಗಾಡಿ ನಿಂತಿದ್ದವು. ಕೊನೆಗೆ ನಿಜವಾದ ಸೇತುವೆಗೆ ಗುಂಡಿ ತೋಡಲು ಯಂತ್ರ ಬಂದಾಗ ನಮ್ಮ ದಾರಿ ಹಾಳುಮಾಡಬೇಡಿ ಎಂದು ಅದೇ ಜನ ಅಡ್ಡ ನಿಂತರು. ಮನೆ ಬಾಡಿಗೆಗೆ ಕೊಡುವವರು 'ಮಧ್ಯಾಹ್ನ ಮೂರರ ಮೇಲೆ ಐದು ನಕ್ಷತ್ರದ ಹೋಟೆಲಿನ ನೆರಳು ಉಂಟು' ಎಂದು ಬೋರ್ಡು ಹಾಕುತ್ತಿದ್ದರು. ಕಚ್ಚಾ ಎಣ್ಣೆಯ ಬೆಲೆ ಏರಿದ ವರ್ಷ ಒಂದೇ ವಾರದಲ್ಲಿ ಹದಿನೇಳು ನೆರಳು ಬಿದ್ದು, ಹಳೇ ಪೇಟೆಯ ಅಂಗಡಿಯವರು ಹಗಲಿನಲ್ಲೇ ದೀಪ ಹಚ್ಚಿಕೊಂಡು ವ್ಯಾಪಾರ ಮಾಡಿದರು.

ನಾನು ಗಂಗೊಳ್ಳಿಯವನು, ವಾಮನ ಖಾರ್ವಿ. ನಮ್ಮ ಮನೆಯ ಗಂಡಸರೆಲ್ಲ ದೋಣಿ ಹತ್ತಿದವರು. ನನಗೆ ದೋಣಿ ಹತ್ತಿದರೆ ವಾಂತಿ, ಹಾಗಾಗಿ ವಿಮಾನ ಹತ್ತಿದೆ. ಅಲ್ಲಿ ಒಂದು ದೊಡ್ಡ ಕಂಟ್ರಾಟುದಾರ ಕಂಪನಿಯ ಸರ್ವೆ ವಿಭಾಗದಲ್ಲಿ ನನ್ನ ಕೆಲಸ ನೆರಳು ನೋಡುವುದು. ನಗಬೇಡಿ, ಸಂಬಳದ ಚೀಟಿಯಲ್ಲಿ ಹಾಗೆಯೇ ಬರೆದಿರುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ನೆರಳಿನ ಅಂಚಿಗೆ ಸುಣ್ಣದ ಪುಡಿ ಎಳೆದು ಗೂಟ ಹೊಡೆಯಬೇಕು. ಎಂಜಿನಿಯರ್‌ಗಳು ಆ ಗೂಟಗಳನ್ನು ಹಿಡಿದು ಪಾಯ ಎಲ್ಲಿ ತೋಡುವುದೆಂದು ತೀರ್ಮಾನಿಸುತ್ತಿದ್ದರು.

ಇನ್ನೊಂದು ಕೆಲಸವೂ ಇತ್ತು, ಅದೇ ಮುಖ್ಯವಾದದ್ದು. ನೆರಳು ಎಷ್ಟು ದಪ್ಪ ಇದೆಯೆಂದು ಅಳೆಯಬೇಕು. ಹಣ ಸರಿಯಾಗಿ ಬರುತ್ತಿರುವ ಕಟ್ಟಡದ ನೆರಳು ಹುಣಸೆಮರದಡಿಯ ಹಾಗೆ ತಂಪಾಗಿರುತ್ತಿತ್ತು; ಕೆಲಸ ನಿಲ್ಲುವ ಸೂಚನೆ ಇದ್ದರೆ ತೆಳುವಾಗುತ್ತ ಹೋಗುತ್ತಿತ್ತು. ತೆಳುವಾದದ್ದು ಕಣ್ಣಿಗೆ ಬೇಗ ಗೊತ್ತಾಗುವುದಿಲ್ಲ. ಆ ದೇಶದ ಬಿಸಿಲಿನಿಂದ ಬಂದವನಿಗೆ ಎಲ್ಲ ನೆರಳೂ ಕಪ್ಪಾಗಿಯೇ ಕಾಣುತ್ತದೆ. ಅದಕ್ಕೆ ನಾನು ನಡುಮಧ್ಯಾಹ್ನ ಚಪ್ಪಲಿ ಬಿಟ್ಟು ಎಡಗಾಲನ್ನು ಮರಳಿನ ಮೇಲೆ ಊರಿ ಎಣಿಸುತ್ತಿದ್ದೆ. ಕಾಲು ಎತ್ತದೆ ನೂರರ ತನಕ ಎಣಿಸಲು ಆದರೆ ದಪ್ಪ ನೆರಳು, ಬೋರ್ಡಿನಲ್ಲಿ ಮೂರು ಗೆರೆ. ಐವತ್ತು ಅರವತ್ತಕ್ಕೆ ಕಾಲು ಎತ್ತಬೇಕಾಗಿ ಬಂದರೆ ಎರಡು ಗೆರೆ. ಇಪ್ಪತ್ತರೊಳಗೆ ಎತ್ತಿದರೆ ಒಂದು.

ಆಳುಗಳೆಲ್ಲ ಇರುವ ಕ್ಯಾಂಪಿನ ಗೇಟಿನ ಹತ್ತಿರ ಆ ಬೋರ್ಡು ಇತ್ತು. ಹಿಂದಿನ ಮಧ್ಯಾಹ್ನದ ಎಣಿಕೆ ನೋಡಿ ಬೆಳಿಗ್ಗೆ ಐದಕ್ಕೆ ಒಂದೊಂದು ಸೈಟಿನ ಹೆಸರಿನ ಮುಂದೆ ನಾನು ಗೆರೆ ಹಾಕುತ್ತಿದ್ದೆ, ಫೋರ್‌ಮನ್‌ಗಳು ಅದನ್ನು ನೋಡಿ ಏರ್ಪಾಟು ಮಾಡುತ್ತಿದ್ದರು. ಮೂರು ಗೆರೆ ಇದ್ದರೆ ಮಧ್ಯಾಹ್ನದ ವಿಶ್ರಾಂತಿಗೆ ಆ ನೆರಳೇ ಸಾಕು, ಟೆಂಟು ಬೇಡ, ನೀರಿನ ಡ್ರಮ್ಮು ಒಂದೇ. ಎರಡು ಗೆರೆಯಾದರೆ ತಾಡಪತ್ರಿ ಕಟ್ಟಬೇಕು, ಐಸು ಹಾಕಿದ ನೀರು ಕಳಿಸಬೇಕು. ಒಂದೇ ಗೆರೆಯಾದರೆ ಆ ಸೈಟಿನ ಆಳುಗಳನ್ನು ಅವತ್ತೇ ಎತ್ತಿ ಬೇರೆ ಕಡೆ ಹಾಕಬೇಕು. ನಾಲ್ಕು ಸಾವಿರ ಜನ ನನ್ನ ಎಡಗಾಲಿನ ಮೇಲೆ ಭರವಸೆ ಇಟ್ಟು ಮಲಗುತ್ತಿದ್ದರು. ನನಗೆ ಅದರ ಹೆಮ್ಮೆಯೂ ಇತ್ತು, ಸುಳ್ಳು ಹೇಳುವುದಿಲ್ಲ.

ಊರಿನ ದಕ್ಷಿಣಕ್ಕೆ ನಾನೂರು ಹಾಸಿಗೆಯ ಸರ್ಕಾರಿ ಆಸ್ಪತ್ರೆಯ ನೆರಳು ಎರಡು ವರ್ಷದಿಂದ ಬಿದ್ದಿತ್ತು. ಮೂಡುಭಾಗದಲ್ಲಿ ಪಾಯದ ಕೆಲಸ ಶುರುವಾಗಿತ್ತು. ಪಡುಭಾಗ ಇನ್ನೂ ಬರೀ ಮರಳು. ಪಾಯಕ್ಕೆ ಕಂಬಿ ಕಟ್ಟುವ ಹತ್ತು ಜನ ಮಧ್ಯಾಹ್ನ ಆ ಮರಳಿನ ಮೇಲೆ ಮಲಗುತ್ತಿದ್ದರು. ಸೈಟಿನ ಕಚೇರಿಯಲ್ಲಿ ನಕ್ಷೆ ತೂಗುಹಾಕಿದ್ದರಿಂದ ಯಾವುದು ಯಾವ ಕೋಣೆ ಎಂದು ಎಲ್ಲರಿಗೂ ಬಾಯಿಪಾಠ. ಇವತ್ತು ನಾನು ಹೆರಿಗೆ ವಾರ್ಡು, ನೀನು ಎಕ್ಸರೇಗೆ ಹೋಗು ಎಂದು ತಮಾಷೆ ಮಾಡುತ್ತ ಹಾಸಿಕೊಳ್ಳುತ್ತಿದ್ದರು. ಮಕ್ಕಳ ವಾರ್ಡಿನ ನಡುವೆ ಒಂದು ಅಂಗಳ ಬರಲಿತ್ತು, ಅಲ್ಲಿ ಮಾತ್ರ ಚೌಕಾಕಾರದ ಬಿಸಿಲು. ಒಗೆದ ಬನಿಯನ್ನುಗಳನ್ನು ಅಲ್ಲಿ ಹರಡುತ್ತಿದ್ದರು.

ಆ ಹತ್ತು ಜನರಲ್ಲಿ ಹಿರಿಯ ಗವಿಸಿದ್ದಪ್ಪ. ಕೊಪ್ಪಳದ ಕಡೆಯವರು, ಐವತ್ತೆರಡು ವರ್ಷ, ತೆಳ್ಳಗೆ ಉದ್ದ ಆಳು, ಕೈಬೆರಳುಗಳು ಕಂಬಿ ತಂತಿ ತಿರುಚಿ ತಿರುಚಿ ಸೊಟ್ಟಗಾಗಿದ್ದವು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರಿಗೆ ನಾನು ತಮ್ಮ. ಅವರ ಜಾಗ ಯಾವಾಗಲೂ ಒಂದೇ: ನಕ್ಷೆಯಲ್ಲಿ ನರ್ಸುಗಳ ಕೋಣೆ ಎಂದು ಬರೆದಲ್ಲಿ. ಅದರ ಅಂಚಿಗೆ ಬಂದರೆ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಅಲ್ಲಿ ಯಾರಾದರೂ ತಂಬಾಕು ಉಗುಳಿದರೆ ಮುಗಿಯಿತು ಕಥೆ.

"ಇದು ನಮ್ಮ ಹುಲಿಗೆವ್ವನ ಖೋಲಿ," ಅನ್ನುತ್ತಿದ್ದರು. "ಇಲ್ಲಿ ಗಲೀಜ್ ಮಾಡಬ್ಯಾಡ್ರಿ."

ಹುಲಿಗೆಮ್ಮ ಅವರ ಒಬ್ಬಳೇ ಮಗಳು, ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು. ಕಾಕಾ ಆ ದೇಶಕ್ಕೆ ಬಂದಾಗ ಅವಳಿಗೆ ಏಳು ವರ್ಷ. ಆಮೇಲೆ ಎರಡು ವರ್ಷಕ್ಕೊಮ್ಮೆ ನಲವತ್ತು ದಿನದ ರಜೆ. ಹದಿನಾಲ್ಕು ವರ್ಷದಲ್ಲಿ ಮಗಳ ಜೊತೆ ಕಳೆದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಹೇಳಿ ನಕ್ಕರು, ಆಮೇಲೆ ತಂತಿ ತಿರುಚುತ್ತ ಕೂತರು.

ಹೊಸ ಆಸ್ಪತ್ರೆಗೆ ಮೊದಲೇ ನರ್ಸುಗಳನ್ನು ಆರಿಸಿಟ್ಟುಕೊಳ್ಳುತ್ತಾರೆಂದು ತಿಳಿದಾಗ ಕಾಕಾ ಮಗಳಿಂದ ಅರ್ಜಿ ಹಾಕಿಸಿದರು. ಅವಳು ಆಯ್ಕೆಯಾದಳು. ಪರೀಕ್ಷೆ ಮುಗಿಸಿ ಬಂದು ಆರು ತಿಂಗಳು ತರಬೇತಿ, ಆಸ್ಪತ್ರೆ ತೆರೆದ ದಿನದಿಂದ ಕೆಲಸ. ಆಯ್ಕೆಯ ಕಾಗದದ ಫೋಟೊ ಕಾಕಾನ ಮೊಬೈಲಿನಲ್ಲಿತ್ತು. ಕಂಡವರಿಗೆಲ್ಲ ತೋರಿಸುತ್ತಿದ್ದರು, ಜೊತೆಗೆ ಕಂಬಿ ಕಟ್ಟುವ, ಓದು ಬಾರದ ರಾಮ್‌ಲಖನನಿಗೆ ಮೂರು ಸಲ ತೋರಿಸಿದ್ದರು.

"ದೊಡ್ಡ ಆಸೆ ಏನಿಲ್ಲ ತಮ್ಮಾ," ಎಂದಿದ್ದರು ನನಗೆ. "ಸಂಜೀಕ ಆಕಿ ಡ್ಯೂಟಿ ಮುಗಿಸ್ಕೊಂಡು ಹೊರಗ ಬರತಾಳ. ನಾ ಗೇಟಿನ ಕಡೆ ನಿಂತಿರತೀನಿ. ಇಬ್ರೂ ಕೂಡಿ ಒಂದ್ ಕಪ್ ಚಾ ಕುಡಿಯೋದು. ಆಮ್ಯಾಲ ಆಕಿ ಹಾಸ್ಟೆಲಿಗೆ, ನಾ ಕ್ಯಾಂಪಿಗೆ. ಇಷ್ಟ ಆದ್ರ ಸಾಕು ನನಗ."

ಆ ವರ್ಷ ಬೇಸಿಗೆಯ ಮೊದಲಲ್ಲಿ ಎಣ್ಣೆಯ ಬೆಲೆ ಬಿತ್ತು. ಪತ್ರಿಕೆಯಲ್ಲಿ ಏನೂ ಬರಲಿಲ್ಲ, ಅಲ್ಲಿನ ಪತ್ರಿಕೆಗಳಲ್ಲಿ ಅಂಥದ್ದು ಬರುವುದೂ ಇಲ್ಲ. ಒಂದು ಮಂಗಳವಾರ ಕ್ರೀಡಾಂಗಣದ ನೆರಳು ಇರಲಿಲ್ಲ. ಅಲ್ಲಿ ಕಟ್ಟಿದ್ದ ಒಂಟೆಗಳು ಬಿಸಿಲಿನಲ್ಲಿ ನಿಂತು ಒಂದನ್ನೊಂದು ನೋಡುತ್ತಿದ್ದವು. ಮುಂದಿನ ವಾರ ಮೇಲ್ಸೇತುವೆಯ ನೆರಳಿನ ಅರ್ಧ ಹೋಯಿತು. ಪೇಟೆಗೆ ಹೊರಟ ಜನ ನಡುದಾರಿಯಲ್ಲಿ ಛತ್ರಿ ಬಿಚ್ಚುವುದನ್ನು ಕಲಿತರು. ಗಾಡಿಯವರು ಗಾಡಿಗಳನ್ನು ಉಳಿದರ್ಧಕ್ಕೆ ತಳ್ಳಿಕೊಂಡು ಹೋಗಿ ಅಲ್ಲಿದ್ದವರ ಜೊತೆ ಕಿತ್ತಾಡಿದರು. ಮೀನಿನ ಹೆಂಗಸರಿಗೆ ಮಾತ್ರ ಖುಷಿ, ಅವರ ಬಯಲು ಅವರಿಗೆ ವಾಪಸು ಸಿಕ್ಕಿತ್ತು.

ಆಸ್ಪತ್ರೆಯ ನೆರಳಿನಲ್ಲಿ ಒಂದು ದಿನ ನನ್ನ ಎಣಿಕೆ ತೊಂಬತ್ತಕ್ಕೆ ನಿಂತಿತು. ಕಾಲಿಗೆ ಮುಳ್ಳು ಚುಚ್ಚಿತ್ತು, ಅದರ ನೋವಿರಬೇಕು ಅಂದುಕೊಂಡೆ. ಮರುದಿನ ಎಂಬತ್ತು. ನಾಲ್ಕು ದಿನ ಬಿಟ್ಟು ಐವತ್ತೈದು. ಇನ್ನು ಮುಳ್ಳಿನ ಮೇಲೆ ಹಾಕುವಂತಿರಲಿಲ್ಲ.

ನಮ್ಮ ಸರ್ವೆ ಎಂಜಿನಿಯರ್ ಚಾಕೋ ಸಾಹೇಬರ ಹತ್ತಿರ ಹೋದೆ. ಕೆಟ್ಟ ಮನುಷ್ಯರಲ್ಲ, ಹೆದರುವ ಮನುಷ್ಯರು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಎಣಿಕೆ ಕೇಳಿದವರೇ ಎದ್ದು ಬಾಗಿಲು ಹಾಕಿದರು.

"ಅರಮನೆಯಿಂದ ಕಾಗದ ಬಂದಿಲ್ಲ ವಾಮನ," ಎಂದರು. "ಕಾಗದ ಬರುವ ಮೊದಲು ನಾವು ಗೆರೆ ಇಳಿಸಿದರೆ ಆಸ್ಪತ್ರೆ ಆಗುವುದಿಲ್ಲ ಅಂತ ನಾವೇ ಸಾರಿದ ಹಾಗೆ. ಬೋರ್ಡಿನ ಫೋಟೊ ಒಂದು ಗಂಟೆಯಲ್ಲಿ ಊರೆಲ್ಲ ಸುತ್ತುತ್ತದೆ. ನಿನ್ನನ್ನೂ ನನ್ನನ್ನೂ ಮೊದಲ ವಿಮಾನಕ್ಕೆ ಹತ್ತಿಸುತ್ತಾರೆ. ಮೂರು ಹಾಕು."

"ಜನ ಅಲ್ಲಿ ಮಲಗ್ತಾರೆ ಸಾಹೇಬ್ರೇ."

"ನೆರಳು ತೆಳುವಾದದ್ದು ಮತ್ತೆ ದಪ್ಪ ಆಗಿದ್ದೂ ಉಂಟಲ್ಲ. ಎರಡು ವಾರ ನೋಡು."

ಆದದ್ದು ನಿಜ, ಒಂದೆರಡು ಸಲ ಆಗಿತ್ತು. ನಾನು ಮೂರು ಗೆರೆ ಹಾಕಿದೆ. ಸಾಹೇಬರ ಹುಕುಂ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಎರಡು ಗೆರೆ ಹಾಕಿ ತಾಡಪತ್ರಿ, ಐಸು ಅಷ್ಟನ್ನಾದರೂ ಕಳಿಸಬಹುದಿತ್ತು, ನಾನೇ ಹಾಕಲಿಲ್ಲ. ಬೋರ್ಡಿನಲ್ಲಿ ಎರಡು ಗೆರೆ ಕಂಡ ದಿನ ಕಾಕಾನ ಮುಖ ಹೇಗಾಗಬಹುದೆಂದು ನನಗೆ ಗೊತ್ತಿತ್ತು, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹುಕುಂ ಇದ್ದದ್ದರಿಂದ ನನ್ನ ಹೇಡಿತನಕ್ಕೆ ಒಂದು ಆಸರೆ ಸಿಕ್ಕಿತು, ಅಷ್ಟೇ.

ಮರುದಿನ ಮಧ್ಯಾಹ್ನ ಸೈಟಿಗೆ ಹೋದಾಗ ಕಂಬಿಯವರು ಹೊರಳಾಡುತ್ತಿದ್ದರು. ರಾಮ್‌ಲಖನ ಎದ್ದು ಕೂತು, ಇವತ್ತೇನು ಒಲೆಯ ಮೇಲೆ ಮಲಗಿದ ಹಾಗಿದೆ, ಟೆಂಟು ಕೇಳೋಣ ಎಂದು ಶುರು ಮಾಡಿದ. ಕಾಕಾ ಅವನನ್ನು ಅರ್ಧಕ್ಕೇ ತಡೆದರು. ತಮಗೆ ಬರುವ ಹರಕು ಹಿಂದಿಯಲ್ಲಿ ಬೈದು, ಅದು ಸಾಲದೆ ಕನ್ನಡದಲ್ಲೂ ಬೈದರು.

"ಸುಮ್ನ ಮಲಗಲೇ. ವಾಮನ ಮೂರು ಗೆರಿ ಹಾಕ್ಯಾನ. ಅವನ ಕಾಲಿಗಿಂತ ನಿನ್ನ ಬೆನ್ನ ಹೆಚ್ಚಿಗಿ ತಿಳಿತೈತೇನು?" ಆಮೇಲೆ ನನ್ನ ಕಡೆ ತಿರುಗಿದರು. "ಹೌದಿಲ್ಲೋ ತಮ್ಮಾ? ನೆಳ್ಳು ಹೆಂಗೈತಿ?"

"ಗಟ್ಟಿಯೇ ಕಾಕಾ," ಎಂದೆ.

"ನೋಡು," ಎಂದರು ರಾಮ್‌ಲಖನನಿಗೆ. ಅವನು ಗೊಣಗುತ್ತ ಮಲಗಿದ. ನಾನು ಸುಣ್ಣದ ಡಬ್ಬಿ ಹಿಡಿದು ಹೋಗಿ, ಹೋದ ತಿಂಗಳು ಎಲ್ಲಿತ್ತೋ ಅಲ್ಲೇ ಅಂಚು ಎಳೆದೆ. ನೆರಳು ಆಗಲೇ ಎರಡು ಗೇಣು ಒಳಗೆ ಸರಿದಿತ್ತು.

ಇದು ಎರಡು ವಾರ ನಡೆಯಿತು. ಎಣಿಕೆ ನಲವತ್ತಾಯಿತು, ಮೂವತ್ತಾಯಿತು. ಒಂದೇ ಡ್ರಮ್ಮು ನೀರು ಮಧ್ಯಾಹ್ನಕ್ಕೆ ಮೊದಲೇ ಖಾಲಿಯಾಗುತ್ತಿತ್ತು. ಕಾಕಾನ ಕಣ್ಣು ಕೆಂಪಗೆ, ತುಟಿ ಒಡೆದು ಬಿಳಿಚಿ ಹೋಗಿತ್ತು. ಮೈಯೊಳಗೆ ಜ್ವರ ಬಂದು ಕೂತಿದೆ ಎಂದು ಅವರೇ ಕಾರಣ ಹೇಳಿಕೊಂಡರು. ನೆರಳು ದಪ್ಪಗಿದೆಯೆಂದ ಮೇಲೆ ಸೆಕೆ ಬೇರೆಲ್ಲಿಂದ ಬರಬೇಕು? ಮಗಳನ್ನು ಕೇಳಿ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಎರಡು ದಿನದಲ್ಲಿ ಇಳಿಯುತ್ತದೆ ಎಂದರು. ಹೆಚ್ಚು ನೀರು ಕುಡಿಯಿರಿ ಎಂದು ನಾನು ನನ್ನ ಬಾಟಲಿ ಕೊಟ್ಟೆ. ಅದೊಂದು ದೊಡ್ಡ ಉಪಕಾರ ಮಾಡಿದ ಹಾಗೆ ಅಂದು ಮನಸ್ಸಿಗೆ ಸಮಾಧಾನವಾಯಿತು. ಈಗ ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಬುಧವಾರ ಮಧ್ಯಾಹ್ನ ಹದಿನೆಂಟಕ್ಕೆ ಕಾಲು ಎತ್ತಿದೆ. ಪಾದದಡಿ ಬೊಬ್ಬೆ ಎದ್ದಿತ್ತು. ಒಂದೇ ಗೆರೆಯ ನೆರಳು ಅದು. ಒಂದು ಗೆರೆ ಹಾಕಿದರೆ ಹತ್ತೂ ಜನರನ್ನು ಅವತ್ತೇ ಗಾಡಿಗೆ ಹತ್ತಿಸಿ ಮರುಭೂಮಿಯೊಳಗಿನ ಗ್ಯಾಸ್ ಪೈಪಿನ ಕ್ಯಾಂಪಿಗೆ ಕಳಿಸುತ್ತಾರೆ, ಆರು ಗಂಟೆಯ ದಾರಿ. ಕಳಿಸಲಿ, ಬದುಕಿರುತ್ತಾರೆ ಎಂದು ನಿರ್ಧಾರ ಮಾಡಿದೆ. ಚಾಕೋ ಸಾಹೇಬರು ಏನು ಬೇಕಾದರೂ ಮಾಡಿಕೊಳ್ಳಲಿ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಐದಕ್ಕೆ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತಿದ್ದೆ. ಉಳಿದ ಸೈಟುಗಳಿಗೆಲ್ಲ ಗೆರೆ ಹಾಕಿ ಆಗಿತ್ತು, ಆಸ್ಪತ್ರೆಯದು ಒಂದು ಬಾಕಿ. ಹಿಂದಿನಿಂದ ಕಾಕಾ ಬಂದರು. ಅವರು ಓಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ತಮ್ಮಾ, ವೀಸಾ ಆತು!" ಮೊಬೈಲನ್ನು ನನ್ನ ಮೂಗಿಗೆ ಹಿಡಿದರು. "ಈಗ ಫೋನ್ ಮಾಡಿದ್ಲು. ಬರೋ ತಿಂಗಳ ಹನ್ನೆರಡಕ್ಕ ವಿಮಾನ ಹತ್ತತಾಳ. ನೀನೂ ಬರಬೇಕು ನೋಡು, ಏರ್‌ಪೋರ್ಟಿಗೆ. ನನಗ ಆ ಬಾಗಲಾ ಈ ಬಾಗಲಾ ತಿಳಿಯಂಗಿಲ್ಲ."

"ಬತ್ತೆ ಕಾಕಾ."

"ಹಾಕು, ಹಾಕು, ನಿನ್ನ ಕೆಲಸ ಮಾಡು," ಎಂದು ಬೋರ್ಡಿನ ಕಡೆ ಕೈ ತೋರಿಸಿದರು. ಜ್ವರದ ಮುಖದಲ್ಲಿ ಹಿಡಿಸಲಾರದಷ್ಟು ನಗು. ಪಕ್ಕದಲ್ಲೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಒಂದು ಗೆರೆ ಹಾಕಿದೆ. ಎರಡು ಹಾಕಿದೆ. ಮೂರೂ ಹಾಕಿದೆ.

ಮಧ್ಯಾಹ್ನ ನಾನು ಆಸ್ಪತ್ರೆಯ ಕಡೆ ಹೋಗಲಿಲ್ಲ. ಬಂದರಿನ ಸೈಟಿನಲ್ಲಿ ಕೆಲಸ ಇದೆಯೆಂದು ನೆಪ ಹೇಳಿಕೊಂಡೆ. ಎರಡೂವರೆಗೆ ಸೀಟಿ ಊದಿದಾಗ ಒಂಬತ್ತು ಜನ ಎದ್ದರಂತೆ. ಕಾಕಾ ಮುಖದ ಮೇಲೆ ಟವೆಲು ಹಾಕಿ ಮಲಗಿದ್ದವರು ಎದ್ದಿರಲಿಲ್ಲ. ರಾಮ್‌ಲಖನ ಟವೆಲು ತೆಗೆದಾಗ ಕಣ್ಣು ಅರ್ಧ ತೆರೆದಿತ್ತು, ಏನೋ ಮಾತಾಡುತ್ತಿದ್ದರು. ಕನ್ನಡ ಅವನಿಗೆ ಬಾರದು. ಮಗಳ ಹೆಸರು ಎರಡು ಸಲ ಕೇಳಿಸಿತು ಎಂದ. ಪಿಕಪ್ ಗಾಡಿಯ ಹಿಂದೆ ಮಲಗಿಸಿ ಹಳೇ ಪೇಟೆಯ ದವಾಖಾನೆಗೆ ಓಡಿಸಿದರು. ನಲವತ್ತು ನಿಮಿಷದ ದಾರಿ, ಅದಕ್ಕಿಂತ ಹತ್ತಿರ ಬೇರೆ ಯಾವುದೂ ಇರಲಿಲ್ಲ. ನಾನು ಸುದ್ದಿ ಕೇಳಿ ತಲುಪುವಾಗ ಮೇಲೆ ಬಿಳಿ ಬಟ್ಟೆ ಎಳೆದಿದ್ದರು. ಪಾದ ಹೊರಗಿತ್ತು. ಮುಟ್ಟಿ ನೋಡಿದೆ, ಇನ್ನೂ ಬಿಸಿ ಇತ್ತು.

ಅರಮನೆಯ ಕಾಗದ ಅದೇ ಸಂಜೆ ಬಂತು. ಆಸ್ಪತ್ರೆಯ ಯೋಜನೆಯನ್ನು ಮುಂದೂಡಲಾಗಿದೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಬರೀ ಮರಳಿತ್ತು, ನಾನು ಎಳೆದ ಸುಣ್ಣದ ಅಂಚು ಮಾತ್ರ ಸುತ್ತ ಇತ್ತು. ಸಾವಿನ ಕಾಗದದಲ್ಲಿ ಹೃದಯ ನಿಂತು ಸಹಜ ಸಾವು ಎಂದು ಬರೆದರು. ಅದಕ್ಕೆ ಲಗತ್ತಿಸಲು ಬೋರ್ಡಿನ ಫೋಟೊ ತೆಗೆದುಕೊಂಡರು. ಅದರಲ್ಲಿ ಮೂರು ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದವು.

ಶುಕ್ರವಾರ ಸಂಜೆ ಐದಕ್ಕೆ ನನ್ನ ಫೋನು ಬಡಿದುಕೊಂಡಿತು. ಕ್ಯಾಂಪಿನ ಜಗುಲಿಯಲ್ಲಿ ಕಂಬಿಯ ಒಂಬತ್ತೂ ಜನರ ಜೊತೆ ಕೂತಿದ್ದೆ.

"ವಾಮನಣ್ಣ ಏನ್ರಿ? ನಾನು ಹುಲಿಗೆಮ್ಮ. ಗವಿಸಿದ್ದಪ್ಪನ ಮಗಳು. ನಿಮ್ಮ ನಂಬರ್ ಅಪ್ಪ ಕೊಟ್ಟಿದ್ದ, ಏನರ ಆದ್ರ ಈ ಅಣ್ಣಗ ಫೋನ್ ಮಾಡು ಅಂತ."

ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ದನಿ ಒಣಗಿತ್ತು, ಆದರೆ ಪ್ರಶ್ನೆಗಳನ್ನು ಬರೆದಿಟ್ಟುಕೊಂಡವಳ ಹಾಗೆ ಒಂದೊಂದಾಗಿ ಕೇಳಿದಳು. ಅಪ್ಪನಿಗೆ ಕೊನೆಯಲ್ಲಿ ಬೆವರು ಬರುತ್ತಿತ್ತೇ, ಮೈ ಒಣಗಿತ್ತೇ? ಮಾತು ತೊದಲುತ್ತಿತ್ತೇ? ಎಷ್ಟು ಹೊತ್ತಿಗೆ ಮಲಗಿದ್ದರು, ಎಷ್ಟಕ್ಕೆ ನೋಡಿದರು? ನಾನು ರಾಮ್‌ಲಖನನನ್ನು ಕೇಳಿ ಕೇಳಿ ಹೇಳಿದೆ. ಬೆವರು ಇರಲಿಲ್ಲ, ಮೈ ಸುಡುತ್ತಿತ್ತು ಎಂದಾಗ ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಅದು ಜ್ವರ ಅಲ್ರಿ ಅಣ್ಣಾ," ಎಂದಳು. "ಬಿಸಿಲು ಬಡದಿದ್ದು. ನಾ ಓದೀನಿ ಅದನ್ನ, ಪರೀಕ್ಷಾದಾಗ ಬರದೀನಿ. ಎರಡು ವಾರದಿಂದ ಅಪ್ಪ ಫೋನಿನ್ಯಾಗ ಹೇಳ್ತಿದ್ದ, ಜ್ವರ, ತಲಿನೋವು ಅಂತ. ನಾ ಕೇಳಿದ್ನಿ, ಬಿಸಲಾಗ ಮಲಗ್ತೀಯೇನಪ ಅಂತ. ಇಲ್ಲವ್ವ, ದಪ್ಪ ನೆಳ್ಳೈತಿ, ಮೂರು ಗೆರಿ ಐತಿ ಅಂದ. ಅದಕ್ಕ ನಾ ಜ್ವರದ ಮಾತ್ರಿ ತಗೋ ಅಂದೆ. ಇನ್ನ ಎರಡ ಪ್ರಶ್ನೆ ಕೇಳಬೇಕಿತ್ತು ನಾ. ಕೇಳಲಿಲ್ಲ. ನರ್ಸ್ ಆಗಾಕಿ ನಾನು, ನಮ್ಮಪ್ಪನ ರೋಗ ನನಗ ತಿಳೀಲಿಲ್ಲ. ನಾನ ಕೊಂದೆ ನೋಡ್ರಿ ಅವನ್ನ."

ನನ್ನ ಸುಳ್ಳು ಗೆರೆ ಬೋರ್ಡಿನಿಂದ ಇಳಿದು ಕಾಕಾನ ಬಾಯಿಗೆ ಹೋಗಿತ್ತು, ಅಲ್ಲಿಂದ ಸಮುದ್ರ ದಾಟಿ ಹುಬ್ಬಳ್ಳಿಯ ಒಂದು ಹಾಸ್ಟೆಲಿನಲ್ಲಿ ಈ ಹುಡುಗಿಯ ಕಿವಿಗೆ ಬಿದ್ದಿತ್ತು. ಈಗ ಸುಮ್ಮನಿದ್ದರೆ ಅವಳು ಬದುಕಿರುವಷ್ಟು ದಿನವೂ ಇದನ್ನು ಹೊತ್ತುಕೊಂಡು ತಿರುಗುತ್ತಾಳೆ.

"ಇಲ್ಲ ತಂಗಿ," ಎಂದೆ. "ನೀನಲ್ಲ. ನೆರಳು ಗಟ್ಟಿ ಇರ್ಲಿಲ್ಲ. ಎರಡು ವಾರದಿಂದ ತೆಳು ಆತಾ ಬಂದಿತ್ತ್. ಅದನ್ನ ಅಳತೆ ಮಾಡುದು ನಾನೇ. ನಂಗೆ ಗೊತ್ತಿತ್ತ್. ಕಾಕನಿಗೆ ಸುಳ್ಳು ಹೇಳ್ದೆ. ಬೋರ್ಡಿಗೂ ಸುಳ್ಳು ಗೆರೆ ಹಾಕ್ದೆ, ನಿನ್ನೆ ಬೆಳಿಗ್ಗೆನೂ ಹಾಕ್ದೆ. ನೀನು ಬಪ್ಪ ಸುದ್ದಿ ಹೇಳಿದ್ರ್ ಅವ್ರು. ನಂಗೆ ಹೇಳುಕೆ ಬಾಯಿ ಬರ್ಲಿಲ್ಲ."

ಫೋನು ಕಡಿದುಹೋಯಿತೇನೋ ಎಂದು ಕಿವಿಯಿಂದ ತೆಗೆದು ನೋಡಿದೆ, ಕಡಿದಿರಲಿಲ್ಲ. ಬೈಯಲಿ, ಶಾಪ ಹಾಕಲಿ ಎಂದು ಕಾದೆ. ಜಗುಲಿಯ ಒಂಬತ್ತು ಜನ ನನ್ನನ್ನೇ ನೋಡುತ್ತಿದ್ದರು. ಭಾಷೆ ತಿಳಿಯದಿದ್ದರೂ ನಾನು ಏನು ಹೇಳಿದೆನೆಂದು ಅವರಿಗೆ ತಿಳಿದಿತ್ತು ಎಂದು ಕಾಣುತ್ತದೆ.

"ಅಪ್ಪನ ಕೂಡ ಅಲ್ಲಿ ಎಷ್ಟ ಮಂದಿ ಮಲಗ್ತಿದ್ರು?" ಎಂದು ಕೇಳಿದಳು ಕೊನೆಗೆ.

"ಒಂಬತ್ತು."

"ಎರಡೂ ವಾರ?"

"ಹೌದು."

"ಈಗ ಎಲ್ಲಿ ಅದಾರ ಅವ್ರು?"

"ಇಲ್ಲೇ, ನನ್ನ ಎದುರಿಗೇ."

"ಒಬ್ಬೊಬ್ಬರನ್ನ ಕೇಳ್ರಿ. ಮುಂಜಾನಿಂದ ಎಷ್ಟ ಸಲ ಒಂದಕ್ಕ ಹೋಗ್ಯಾರ, ಯಾವ ಬಣ್ಣ ಇತ್ತು. ನಾಚಬ್ಯಾಡ ಅನ್ರಿ. ಚಾದಂಗ ಕಪ್ಪಗಿದ್ರ ತಡಾ ಮಾಡಬ್ಯಾಡ್ರಿ, ಕಿಡ್ನಿ ಹೋಗತಾವ. ಕೇಳ್ರಿ ಅಣ್ಣಾ, ನಾ ಫೋನ್ ಇಡೂದಿಲ್ಲ."

ಕೇಳಿದೆ. ಮೊದಲನೆಯವನು ನಾಚಿಕೊಂಡು ತಲೆ ತಗ್ಗಿಸಿದ. ಕಾಕಾನ ಮಗಳು ಕೇಳುತ್ತಿದ್ದಾಳೆ, ನರ್ಸ್ ಸಿಸ್ಟರ್ ಎಂದೆ. ಆಮೇಲೆ ಎಲ್ಲರೂ ಹೇಳಿದರು. ನಾನು ಒಬ್ಬೊಬ್ಬರ ಹೆಸರು, ವಯಸ್ಸು, ಬಣ್ಣ ಹೇಳುತ್ತ ಹೋದೆ. ಆ ಕಡೆ ಅವಳು ಕಾಗದದ ಮೇಲೆ ಬರೆದುಕೊಳ್ಳುವ ಸದ್ದು ಕೇಳುತ್ತಿತ್ತು. ಏಳು ಜನರಿಗೆ ಉಪ್ಪು ಸಕ್ಕರೆಯ ನೀರು ಎಷ್ಟು ಹೊತ್ತಿಗೆ ಎಷ್ಟು ಕುಡಿಸಬೇಕೆಂದು ಹೇಳಿದಳು. ರಾಮ್‌ಲಖನನದೂ, ಒಡಿಶಾದ ದಾಮೋದರನದೂ ಕಪ್ಪು ಚಹಾದ ಬಣ್ಣ. ರಾಮ್‌ಲಖನ ಬೆಳಗಿನಿಂದ ಒಂದೇ ಸಲ ಹೋಗಿದ್ದ.

"ಇಬ್ರನ್ನೂ ಈಗಿಂದೀಗ ಒಯ್ರಿ."

ಡ್ರೈವರ್ ರಜೆಯ ದಿನ ಮೇಲಿನವರ ಚೀಟಿ ಇಲ್ಲದೆ ಗಾಡಿ ತೆಗೆಯುವುದಿಲ್ಲ ಎಂದ. ಬೀಗದ ಕೈಯನ್ನು ಅವನ ಜೇಬಿನಿಂದ ಕಿತ್ತುಕೊಂಡು ನಾನೇ ಗಾಡಿ ತೆಗೆದೆ. ಆ ಊರಿನಲ್ಲಿ ನನ್ನ ಕೆಲಸ ಹೋದದ್ದು ಅದಕ್ಕೇ, ಸುಳ್ಳು ಗೆರೆಗಲ್ಲ. ಮುಂದಿನ ಸೀಟಿನಲ್ಲಿ ರಾಮ್‌ಲಖನ, ಹಿಂದೆ ದಾಮೋದರ, ಫೋನಿನ ದನಿ ದೊಡ್ಡದು ಮಾಡಿ ಗಾಜಿನ ಹತ್ತಿರ ಇಟ್ಟಿದ್ದೆ. ನಲವತ್ತು ನಿಮಿಷವೂ ಅವಳು ಮಾತಾಡುತ್ತಲೇ ಇದ್ದಳು. ಒದ್ದೆ ಬಟ್ಟೆಯನ್ನು ಕಂಕುಳಲ್ಲಿ ಇಡಿ, ಗುಟುಕು ಗುಟುಕಾಗಿ ನೀರು ಕೊಡಿ, ನಿದ್ದೆ ಹೋಗಲು ಬಿಡಬೇಡಿ, ಅವರ ಊರಿನ ವಿಷಯ ಕೇಳುತ್ತಿರಿ. ನಾನು ಅದನ್ನೆಲ್ಲ ಹಿಂದಿಗೆ ತಿರುಗಿಸಿ ಹೇಳುತ್ತಿದ್ದೆ. ದವಾಖಾನೆಯ ಡಾಕ್ಟರಿಗೆ ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಎರಡು ವಾಕ್ಯ ಬಾಯಿಪಾಠ ಮಾಡಿಸಿದಳು. ನಾನು ಅದನ್ನೇ ಹೇಳಿದೆ. ಡಾಕ್ಟರ್ ನನ್ನ ಮುಖವನ್ನೊಮ್ಮೆ ನೋಡಿ ಇಬ್ಬರನ್ನೂ ಒಳಗೆ ಕರೆಸಿಕೊಂಡರು.

ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತೆ. ಇಬ್ಬರಿಗೂ ಸಲೈನ್ ಹಾಕಿದ್ದಾರೆ, ತಡವಾಗಿಲ್ಲ ಅಂದರು ಎಂದು ಅವಳಿಗೆ ಹೇಳಿದೆ.

"ಚಲೋ ಆತು," ಎಂದಳು. "ಅವ್ರ ಮನ್ಯಾಗ ಹೇಳಿಸ್ರಿ. ಉಳಿದ ಏಳೂ ಮಂದೀನ್ನ ನಾಳೆ ಮತ್ತ ಕೇಳ್ರಿ." ಆಮೇಲೆ ಕೇಳಿದಳು, "ಮತ್ತ ಯಾರರ ಉಳದಾರೇನ್ರಿ?"

"ಇಲ್ಲ ತಂಗಿ. ಎಲ್ಲರೂ ಆಯ್ತ್."

ಆಗ ಅವಳು ಅತ್ತಳು. ನನ್ನನ್ನು ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಪ್ಪಾ ಅಪ್ಪಾ ಎಂದು ಸಣ್ಣ ಮಕ್ಕಳ ಹಾಗೆ ಅಳುತ್ತಿದ್ದಳು. ಏನು ಮಾಡಬೇಕೆಂದು ತಿಳಿಯದೆ, ಫೋನು ಇಡಲೇ ಎಂದು ಕೇಳಿದೆ.

"ಇಡಬ್ಯಾಡ್ರಿ," ಎಂದಳು.

ನಾನು ಇಡಲಿಲ್ಲ.